ಇಬ್ಬರೂ ದುಡಿದರೂ 20ನೇ ತಾರೀಕಿಗೆ ಕೈ ಖಾಲಿ, ಯಾಕೆ?

ಪ್ರಶ್ನೆ: ನಾನು, ನಮ್ಮ ಮನೆಯವರು ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಬೆಂಗಳೂರಿನಲ್ಲಿ ಬಾಡಿಗೆ ಮನೆ, ಶಾಲೆಗೆ ಹೋಗುವ ಒಬ್ಬ ಮಗ. ಅವರದು 45 ಸಾವಿರ, ನನ್ನದು 33 ಸಾವಿರ, ಸೇರಿ 78 ಸಾವಿರ ಕೈಗೆ ಬರುತ್ತದೆ. ದುಂದು ಮಾಡುವವರಲ್ಲ. ಆದರೂ 20ನೇ ತಾರೀಕು ದಾಟುವಷ್ಟರಲ್ಲಿ ಕೈ ಖಾಲಿ. ಮೂರು ಸಲ ಬಜೆಟ್ ಬರೆದೆವು. ಮೂರು ಸಲವೂ ಎರಡನೇ ತಿಂಗಳಿಗೇ ಬಿಟ್ಟುಹೋಯಿತು. ಎಲ್ಲಿ ತಪ್ಪುತ್ತಿದ್ದೇವೆ?

ಉತ್ತರ: ಸಂಬಳ ಹೆಚ್ಚುಕಮ್ಮಿ ಇರಬಹುದು, ಊರು ಬೇರೆ ಇರಬಹುದು. ಇಬ್ಬರೂ ದುಡಿಯುವ ಮನೆಗಳಿಂದ ಬರುವ ಪ್ರಶ್ನೆ ಮಾತ್ರ ಇದೇ. ಹಾಗಾಗಿ ನಿಮ್ಮ ಅಂಕಿಗಳನ್ನೇ ಇಟ್ಟುಕೊಂಡು ಹೇಳುತ್ತೇನೆ.

ಕಾಫಿ ಬಿಡಿ, ಸಿನಿಮಾ ಬಿಡಿ ಅನ್ನುವ ಉಪದೇಶ ನನ್ನ ಕೈಲಾಗದು. ದರ್ಶಿನಿಯಲ್ಲಿ ನಿಂತು ಕುಡಿಯುವ ಒಂದು ಲೋಟ ಕಾಫಿಯಿಂದ ಯಾರ ಸಂಸಾರವೂ ಮುಳುಗಿಲ್ಲ. ನಿಮ್ಮ ಬಜೆಟ್ ಕೆಟ್ಟಿದ್ದು ಬೇರೆ ಕಡೆ. ಅದನ್ನು ನೀವು ಮಾಮೂಲಿ ತಿಂಗಳಿಗೆ ಅಂತ ಬರೆದಿರಿ. ಮಾಮೂಲಿ ತಿಂಗಳು ಎಲ್ಲಿದೆ? ಜೂನ್ ಬಂದರೆ ಶಾಲೆ ಫೀಸು. ಆಮೇಲೆ ಗೌರಿ ಗಣೇಶ, ದೀಪಾವಳಿ. ನಡುವೆ ಯಾರದೋ ಮದುವೆ, ಯಾರದೋ ಗೃಹಪ್ರವೇಶ, ಬೈಕಿನ ಇನ್ಶೂರೆನ್ಸು. ಪ್ರತಿ ಸಲವೂ 'ಅಯ್ಯೋ, ಈ ತಿಂಗಳು ಅಚಾನಕ್ ಖರ್ಚು ಬಂತು' ಅನ್ನುತ್ತೇವೆ. ಗಣೇಶ ಹಬ್ಬ ಅಚಾನಕ್ ಬರುತ್ತದಾ?

ನನ್ನಮ್ಮನ ಅಡುಗೆಮನೆ ಬಾಗಿಲ ಹಿಂದೆ ಒಂದು ಕ್ಯಾಲೆಂಡರ್ ನೇತಾಡುತ್ತಿತ್ತು. ಹಾಲು ಬಾರದ ದಿನಕ್ಕೆ ಒಂದು ಸೊನ್ನೆ. ಹೊಸ ಸಿಲಿಂಡರ್ ಹಚ್ಚಿದ ದಿನಕ್ಕೆ 'ಗ್ಯಾ'. ಚೀಟಿ ಕಟ್ಟಿದ ದಿನಕ್ಕೆ ಸರಿ ಗುರುತು. ಡಿಸೆಂಬರ್ ಮುಗಿದರೂ ಅದನ್ನು ಎಸೆಯುತ್ತಿರಲಿಲ್ಲ. ಹೊಸದನ್ನು ನೆಲದ ಮೇಲೆ ಹಾಸಿ, ಹಳೆಯದನ್ನು ಪಕ್ಕಕ್ಕಿಟ್ಟು, ಯಾವ ತಿಂಗಳಲ್ಲಿ ಏನು ದೊಡ್ಡ ಖರ್ಚು ಬಂದಿತ್ತು ಅಂತ ನೋಡಿ ಹೊಸದರ ಮೇಲೆ ಪೆನ್ಸಿಲ್‌ನಲ್ಲಿ ಬರೆಯುತ್ತಿದ್ದಳು. ಬಜೆಟ್ ಅನ್ನುವ ಪದ ಅವಳ ಬಾಯಲ್ಲಿ ಒಮ್ಮೆಯೂ ಬಂದಿದ್ದು ಕೇಳಿಲ್ಲ. ಆದರೆ ನಮ್ಮ ಆ್ಯಪ್‌ಗಳು ಮಾಡದ ಕೆಲಸ ಅದು ಮಾಡುತ್ತಿತ್ತು.

ನೀವೂ ಅದನ್ನೇ ಮಾಡಿ. ಇಬ್ಬರೂ ಕೂತು ಕಳೆದ 12 ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಯಿರಿ. ದಿನದ ಖರ್ಚು ನೋಡಬೇಡಿ, ವರ್ಷಕ್ಕೆ ಒಂದೆರಡು ಸಲ ಬರುವುದನ್ನು ಮಾತ್ರ ಹೆಕ್ಕಿ. ನಿಮ್ಮಂಥ ಮನೆಯಲ್ಲಿ ಹೀಗಿರಬಹುದು ಅಂತ ಇಟ್ಟುಕೊಳ್ಳೋಣ: ಶಾಲೆ ಫೀಸು, ಪುಸ್ತಕ, ಯೂನಿಫಾರ್ಮ್ 48 ಸಾವಿರ, ಆರೋಗ್ಯ ವಿಮೆ, ಜೀವ ವಿಮೆ 24 ಸಾವಿರ, ಹಬ್ಬಗಳು 18 ಸಾವಿರ, ಜಾತ್ರೆಗೆ, ರಜೆಗೆ ಊರಿಗೆ ಹೋಗಿಬರುವುದು 12 ಸಾವಿರ, ಮದುವೆ ಮುಯ್ಯಿ 12 ಸಾವಿರ, ಬೈಕಿಗೆ 6 ಸಾವಿರ. ಕೂಡಿದರೆ 1 ಲಕ್ಷ 20 ಸಾವಿರ. ಅಂದರೆ ತಿಂಗಳಿಗೆ ಸರಿಯಾಗಿ 10 ಸಾವಿರ. ಈ 10 ಸಾವಿರ ನಿಮ್ಮ ಬಜೆಟ್‌ನಲ್ಲಿ ಇರಲೇ ಇಲ್ಲ, ಅಲ್ವಾ? ನಿಮಗೆ ಖರ್ಚಿಗೆ ಇದ್ದದ್ದು 78 ಅಲ್ಲ, 68 ಸಾವಿರ. ಹಾಸಿಗೆಯ ಉದ್ದವನ್ನೇ ತಪ್ಪಾಗಿ ಅಳೆದಿದ್ದಿರಿ.

(ಮುಯ್ಯಿಗೆ ಎಷ್ಟು ಇಡಬೇಕು ಅಂತ ತಲೆ ಕೆಡಿಸಿಕೊಳ್ಳಬೇಡಿ. ನಿಮ್ಮ ಮದುವೆಯ ಮುಯ್ಯಿ ಪುಸ್ತಕ ಬೀರುವಿನಲ್ಲಿ ಇರುತ್ತದೆ. ಯಾರಿಗೆ ಎಷ್ಟು ತಿರುಗಿಸಬೇಕು ಅನ್ನುವುದು ಅದರಲ್ಲೇ ಇದೆ.)

ಈ 10 ಸಾವಿರ ಸಂಬಳದ ಖಾತೆಯಲ್ಲೇ ಇದ್ದರೆ ಉಳಿಯುವುದಿಲ್ಲ. ಸಂಬಳ ಬಂದ ಮರುದಿನವೇ ಬೇರೆ ಖಾತೆಗೆ ಹೋಗಬೇಕು, ಆ ಖಾತೆಗೆ ಯುಪಿಐ ಜೋಡಿಸಿರಬಾರದು. ಶಾಲೆ ಫೀಸಿನ ಪಾಲಿಗೆ ಬ್ಯಾಂಕಿನಲ್ಲಿ ಪ್ರತಿ ತಿಂಗಳೂ ಒಂದಿಷ್ಟು ಕಟ್ಟುವ 12 ತಿಂಗಳ ಆರ್‌ಡಿ ಒಳ್ಳೆಯದು. ತಿಂಗಳಿಗೆ 4 ಸಾವಿರದಂತೆ ಮೇ ಕೊನೆಗೆ ಶುರುಮಾಡಿದರೆ ಮುಂದಿನ ವರ್ಷ ಫೀಸು ಕಟ್ಟುವ ಹೊತ್ತಿಗೆ ಕೈಗೆ ಬರುತ್ತದೆ. ಅಂಚೆ ಕಚೇರಿಯ ಆರ್‌ಡಿ ತಿಂಗಳಿಗೆ 100 ರೂಪಾಯಿಂದಲೇ ಶುರು, ಆದರೆ ಅದು 5 ವರ್ಷದ್ದು, ಫೀಸಿಗೆ ಆಗಿಬರುವುದಿಲ್ಲ. ಬೀದಿಯ ಚೀಟಿ ವಿಷಯದಲ್ಲಿ ನಾನು ಸ್ವಲ್ಪ ಪುಕ್ಕಲು. ಚೀಟಿ ಹಾಕಲೇಬೇಕೆಂದರೆ 1982ರ ಚಿಟ್ ಫಂಡ್ಸ್ ಕಾಯ್ದೆಯಡಿ ನೋಂದಣಿ ಆಗಿರುವ ಕಡೆ ಹಾಕಿ. ನಮ್ಮ ಸರ್ಕಾರದ ಎಂಎಸ್‌ಐಎಲ್ ಕೂಡ ಚೀಟಿ ನಡೆಸುತ್ತದೆ.

ಇನ್ನು ಉಳಿದ 68 ಸಾವಿರ. ಜಗಳ ಇರುವುದು ಇಲ್ಲಿ.

ಹೆಚ್ಚಿನ ಮನೆಗಳಲ್ಲಿ ಬಜೆಟ್ ಮುರಿಯುವುದು ತರಕಾರಿಯಿಂದ ಅಲ್ಲ. ಒಬ್ಬರು ಇನ್ನೊಬ್ಬರಿಗೆ ಹೇಳದೆ ಮಾಡುವ ಖರ್ಚಿನಿಂದ. ಅದರಲ್ಲೂ ಊರಿಗೆ ಕಳಿಸುವ ದುಡ್ಡು. ಗಂಡ ತನ್ನ ಅಪ್ಪ ಅಮ್ಮನಿಗೆ ಕಳಿಸುವುದು ಎಲ್ಲರಿಗೂ ಗೊತ್ತಿರುತ್ತದೆ. ಹೆಂಡತಿ ತನ್ನ ಅಪ್ಪನ ಬಿಪಿ ಮಾತ್ರೆಗೆ ಕಳಿಸುವುದು ಮಾತ್ರ ಗುಟ್ಟಾಗಿ, 'ಬಟ್ಟೆ ತಗೊಂಡೆ' ಅನ್ನುವ ಹೆಸರಿನಲ್ಲಿ. ಇದು ಯಾಕೆ ಹೀಗಿರಬೇಕು? ಹಾಳೆಯ ಮೇಲೆ ಎರಡು ಸಾಲು ಬರೆಯಿರಿ: ನಿಮ್ಮ ಮನೆಗೆ 3 ಸಾವಿರ, ನಮ್ಮ ಮನೆಗೆ 3 ಸಾವಿರ. ಮೊತ್ತ ಸಮ ಇರಲೇಬೇಕೆಂದಿಲ್ಲ. ಒಂದು ಕಡೆ ಪೆನ್ಷನ್ ಇರಬಹುದು, ಇನ್ನೊಂದು ಕಡೆ ಆಸ್ಪತ್ರೆ ಇರಬಹುದು. ಎರಡೂ ಸಾಲು ಇರಬೇಕು ಅಷ್ಟೇ.

ಆಮೇಲೆ ಇಬ್ಬರಿಗೂ ಲೆಕ್ಕ ಕೇಳದ ದುಡ್ಡು. ನಮ್ಮಜ್ಜಿಯರು ಸಾಸಿವೆ ಡಬ್ಬಿಯಲ್ಲಿ ಇಡುತ್ತಿದ್ದರಲ್ಲ, ಅದೇ. ತಲಾ 3 ಸಾವಿರ. ಸಂಬಳ ಯಾರದು ಜಾಸ್ತಿ ಅನ್ನುವುದು ಇಲ್ಲಿ ಬೇಡ, ಇಬ್ಬರಿಗೂ ಒಂದೇ. ಅವರು ಆ ದುಡ್ಡಲ್ಲಿ ಮೂರನೇ ಇಯರ್‌ಫೋನ್ ತಂದರೂ ನೀವು ಕೇಳುವಂತಿಲ್ಲ. ನೀವು ಸೀರೆಗೆ ನಾಲ್ಕು ತಿಂಗಳು ಕೂಡಿಟ್ಟರೂ ಅವರು ಕೇಳುವಂತಿಲ್ಲ. ಇದನ್ನು ಇಡದೆ ಬರೆದ ಬಜೆಟ್ ನಿಲ್ಲುವುದಿಲ್ಲ, ಇದು ನನ್ನ ಗಟ್ಟಿ ಅಭಿಪ್ರಾಯ. ಪ್ರತಿ 100 ರೂಪಾಯಿಗೂ ಹೇಳಿ ಕೇಳಿ ಮಾಡುವ ಸಂಸಾರ ಯಾರಿಗೂ ಬೇಡ.

ಊರಿಗೆ 6, ನಿಮ್ಮಿಬ್ಬರ ಕೈಗೆ 6, ಈ 12 ಸಾವಿರ, ಜೊತೆಗೆ ಉಳಿತಾಯಕ್ಕೆ 8 ಸಾವಿರ ತೆಗೆದರೆ ಮನೆ ನಡೆಸಲು 48 ಸಾವಿರ ಉಳಿಯುತ್ತದೆ. ಇದಕ್ಕೆ ಒಂದು ಜಂಟಿ ಖಾತೆ ಮಾಡಿ. ಇಬ್ಬರಲ್ಲಿ ಯಾರು ಬೇಕಾದರೂ ಒಬ್ಬರೇ ವ್ಯವಹಾರ ಮಾಡಬಹುದಾದ 'ಐದರ್ ಆರ್ ಸರ್ವೈವರ್' ಅನ್ನುವುದಕ್ಕೇ ಫಾರ್ಮಿನಲ್ಲಿ ಟಿಕ್ ಹಾಕಿ. ಅರ್ಧ ಅರ್ಧ ಹಾಕುವುದು ನ್ಯಾಯ ಅನ್ನಿಸಬಹುದು, ಆದರೆ ನಿಮ್ಮ 33 ಸಾವಿರದಲ್ಲಿ 24 ಅಲ್ಲಿಗೇ ಹೋಗುತ್ತದೆ. ಸಂಬಳದ ಅಳತೆಯಲ್ಲಿ ಹಾಕಿದರೆ ಅವರದು ಸುಮಾರು 27,700, ನಿಮ್ಮದು 20,300. ಹೀಗೆ ಹಾಕುವುದೇ ಸರಿ.

ಬಾಡಿಗೆ, ಸ್ಕೂಲ್ ವ್ಯಾನು, ಹಾಲು, ದಿನಸಿ, ಗ್ಯಾಸು, ಪೆಟ್ರೋಲು, ನೆಟ್ಟು ಅಂತ 32 ಸಾವಿರ ಹೋಯಿತು ಅನ್ನಿ. ತರಕಾರಿ, ಹಣ್ಣು, ಆಟೋ, ಹೋಟೆಲು, ಸಣ್ಣಪುಟ್ಟದಕ್ಕೆ 16 ಸಾವಿರ. ಇದನ್ನು ನಾಲ್ಕು ವಾರಕ್ಕೆ ಭಾಗಿಸಿ 4 ಸಾವಿರ ಅನ್ನಬೇಡಿ. ತಿಂಗಳಿಗೆ ನಾಲ್ಕು ವಾರದ ಮೇಲೆ ಎರಡು ಮೂರು ದಿನ ಇರುತ್ತದೆ, ತಿಂಗಳ ಕೊನೆಯಲ್ಲಿ ಕೈ ಕಚ್ಚುವುದು ಅವೇ ದಿನ. ವಾರಕ್ಕೆ 3,600 ಇಟ್ಟುಕೊಳ್ಳಿ. ಯುಪಿಐ ಜೋಡಿಸಿದ ಒಂದು ಸಣ್ಣ ಖಾತೆಗೆ ಪ್ರತಿ ಸೋಮವಾರ ಬೆಳಿಗ್ಗೆ ಅಷ್ಟನ್ನೇ ಹಾಕಿ. ಶನಿವಾರ ಹಾಕಿದರೆ ಭಾನುವಾರ ರಾತ್ರಿಗೆ ಅರ್ಧ ಇರುವುದಿಲ್ಲ, ಅನುಭವದ ಮಾತು. ಪರ್ಸಿನಲ್ಲಿ ನೋಟು ಕಮ್ಮಿಯಾಗುವುದು ಕಣ್ಣಿಗೆ ಕಾಣುತ್ತಿತ್ತು, ಕ್ಯೂಆರ್ ಕೋಡಿಗೆ ಆ ಗುಣ ಇಲ್ಲ. ಖಾತೆ ಚಿಕ್ಕದಾದರೆ ಸ್ವಲ್ಪ ಆ ಗುಣ ಬರುತ್ತದೆ.

ಕೈಯಿಂದ ಹೋಗುವುದು ಬಿಡಿ, ತಾನಾಗೇ ಹೋಗುವುದನ್ನೂ ನೋಡಿ. ನಮ್ಮನೆಯಲ್ಲಿ ಒಂದೇ ವಿಡಿಯೊ ಆ್ಯಪ್‌ಗೆ ಇಬ್ಬರ ಫೋನಿನಿಂದಲೂ 14 ತಿಂಗಳು ದುಡ್ಡು ಹೋಗಿದೆ. ಕ್ರಿಕೆಟ್ ನೋಡಲು ಅವರು ಹಾಕಿಸಿದ್ದರು, ಸೀರಿಯಲ್ ನೋಡಲು ನಾನು. ಒಂದೇ ಸೋಫಾದ ಮೇಲೆ ಕೂತು ನೋಡುತ್ತಿದ್ದೆವು. ದುಡ್ಡು ಕತ್ತರಿಸುವ 24 ಗಂಟೆ ಮೊದಲೇ ಮೆಸೇಜ್ ಬರಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮವೇ ಇದೆ, ಮೆಸೇಜ್ ಬರುತ್ತಲೂ ಇತ್ತು. ಓದಿದವರು ಯಾರು? ನಿಮ್ಮ ಯುಪಿಐ ಆ್ಯಪ್‌ನಲ್ಲಿ ಆಟೋಪೇ ಅನ್ನುವ ಪಟ್ಟಿ ಇರುತ್ತದೆ, ಇಬ್ಬರೂ ಈ ವಾರವೇ ತೆರೆದು ನೋಡಿ.

ನೋ ಕಾಸ್ಟ್ ಇಎಂಐ ಬಗ್ಗೆ ಎರಡೇ ಮಾತು. ಸೊನ್ನೆ ಬಡ್ಡಿ ಅನ್ನುವುದೇ ಇಲ್ಲ ಅಂತ ರಿಸರ್ವ್ ಬ್ಯಾಂಕ್ 2013ರಲ್ಲೇ ಹೇಳಿದೆ. ಬಡ್ಡಿಯ ಮೇಲೆ ಜಿಎಸ್‌ಟಿ, ಪ್ರೊಸೆಸಿಂಗ್ ಶುಲ್ಕ ಎಲ್ಲೋ ಒಂದು ಕಡೆ ಸೇರಿರುತ್ತದೆ. ಕ್ರೆಡಿಟ್ ಕಾರ್ಡಿನಲ್ಲಿ 'ಮಿನಿಮಮ್' ಕಟ್ಟುತ್ತಿದ್ದರೆ ನಿಮ್ಮ 8 ಸಾವಿರ ಉಳಿತಾಯ ಮೊದಲು ಅದಕ್ಕೇ ಹೋಗಲಿ. ತಿಂಗಳಿಗೆ ಶೇ 3.5 ಅಂದರೆ ವರ್ಷಕ್ಕೆ ಶೇ 42, ಯಾವ ಆರ್‌ಡಿಯೂ ಅದನ್ನು ಮೀರಿಸಲಾರದು.

ಕರೆಂಟಿನ ಒಂದು ಲೆಕ್ಕ ಹೇಳಲೇಬೇಕು. ಗೃಹಜ್ಯೋತಿ ಬಾಡಿಗೆದಾರರಿಗೂ ಸಿಗುತ್ತದೆ. ಆದರೆ ತಿಂಗಳಿಗೆ 200 ಯೂನಿಟ್ ದಾಟಿದರೆ ಮೇಲಿನದ್ದಕ್ಕೆ ಮಾತ್ರ ಅಲ್ಲ, ಪೂರ್ತಿ ಬಿಲ್ ನಿಮ್ಮದೇ. 2 ಕಿಲೋವಾಟಿನ ಗೀಸರ್ ದಿನಕ್ಕೆ ಅರ್ಧ ಗಂಟೆ ಉರಿದರೆ 1 ಯೂನಿಟ್, ತಿಂಗಳಿಗೆ 30. ಸ್ವಿಚ್ ಆರಿಸಲು ಮರೆಯುವವರು ಮನೆಯಲ್ಲಿ ಯಾರು ಅಂತ ನಿಮಗೇ ಗೊತ್ತು. ಮನೆ ಬದಲಾಯಿಸಿದರೆ ಹಳೆಯ ಆರ್‌ಆರ್ ನಂಬರಿನಿಂದ ಬಿಡಿಸಿಕೊಂಡು ಹೊಸ ಮನೆಗೆ ಅರ್ಜಿ ಹಾಕಬೇಕು. ನೀವು ಕೆಲಸಕ್ಕೆ ಬಿಎಂಟಿಸಿಯಲ್ಲಿ ಹೋಗುವವರಾದರೆ 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ, ಎಸಿ ಬಸ್ಸಿಗೆ ಮಾತ್ರ ಟಿಕೆಟ್ ತೆಗೆಯಬೇಕು. ಹೀಗೆ ಉಳಿಯುವ ಬಸ್ ಚಾರ್ಜು ತಾನಾಗೇ ಉಳಿತಾಯ ಆಗುವುದಿಲ್ಲ. ತಿಂಗಳಿಗೆ ಎಷ್ಟು ಅಂತ ಲೆಕ್ಕ ಹಾಕಿ ಅಷ್ಟನ್ನು ಆರ್‌ಡಿಗೆ ಸೇರಿಸಿ.

ಕೊನೆಯದಾಗಿ, ಲೆಕ್ಕಕ್ಕೆ ಕೂರುವ ದಿನ. ಸಂಬಳದ ದಿನ ಬೇಡ, ಅವತ್ತು ಇಬ್ಬರೂ ಸಾಹುಕಾರರು. ತಿಂಗಳ ಕೊನೆಯೂ ಬೇಡ, ಅವತ್ತು ಇಬ್ಬರಿಗೂ ಸಿಟ್ಟು. ನಾವು ಮೂರನೇ ಭಾನುವಾರ, ತಿಂಡಿ ಆದಮೇಲೆ, ತಟ್ಟೆ ಎತ್ತುವ ಮೊದಲೇ ಕೂರುತ್ತೇವೆ. 20 ನಿಮಿಷ ಸಾಕು. ನಮ್ಮನೆಯವರು ಫೋನಿನಲ್ಲಿ ಸ್ಟೇಟ್‌ಮೆಂಟ್ ಓದುತ್ತಾರೆ, ನಾನು ಕ್ಯಾಲೆಂಡರ್ ಮೇಲೆ ಬರೆಯುತ್ತೇನೆ. ಮೊನ್ನೆ ಹೀಗಾಯಿತು:

'ಇದೇನೇ ಇದು, 640 ರೂಪಾಯಿ?'

'ನಿಮ್ಮಣ್ಣನ ಮಗಳ ಬರ್ತ್‌ಡೇ ಕೇಕು. ನೀವೇ ಫೋನ್ ಮಾಡಿ ತರೋಕೆ ಹೇಳಿದ್ದು.'

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅವರೇ ಕ್ಯಾಲೆಂಡರ್ ಎಳೆದುಕೊಂಡು ಮುಂದಿನ ವರ್ಷದ ಸಾಲಿಗೆ 'ಕೇಕು' ಅಂತ ಸೇರಿಸಿದರು.

ಮೊದಲ ತಿಂಗಳು ನಿಮ್ಮ ಲೆಕ್ಕ ತಪ್ಪುತ್ತದೆ, ಎರಡನೆಯದೂ ತಪ್ಪಬಹುದು. ನಮ್ಮದು ಮೊದಲ ಸಲ 2,300 ರೂಪಾಯಿ ತಪ್ಪಿತ್ತು: ಒಂದೇ ತಿಂಗಳಲ್ಲಿ ಎರಡು ಸಿಲಿಂಡರ್ ಬಂದಿದ್ದವು, ಮಿಕ್ಸಿ ಜಾರ್ ಒಡೆದಿತ್ತು. ಆ ಹಾಳೆ ಹರಿಯಬೇಡಿ. ಮೂರನೇ ತಿಂಗಳ ಅಂಕಿಗಳನ್ನು ಅದನ್ನು ನೋಡಿಕೊಂಡೇ ಬರೆಯಿರಿ.