ಎಂಸಿಬಿ ಇದ್ದರೂ ಗೀಸರ್ ಶಾಕ್ ಹೊಡೆಯುವುದು ಯಾಕೆ?

ಓದುಗರ ಪ್ರಶ್ನೆ: "ಸರ್, ಹೋದ ವರ್ಷ ಹಳೇ ಫ್ಯೂಸ್ ಎಲ್ಲಾ ತೆಗೆಸಿ ಎಂಸಿಬಿ ಹಾಕಿಸಿದ್ದೇವೆ. ಆದರೂ ಗೀಸರ್ ಆನ್ ಇದ್ದಾಗ ಬಚ್ಚಲಮನೆಯ ನಲ್ಲಿಯನ್ನು ಮುಟ್ಟಿದರೆ ಜುಮ್ ಅನ್ನುತ್ತದೆ. ಎಂಸಿಬಿ ಮಾತ್ರ ಬೀಳುವುದಿಲ್ಲ. ಅದು ಕೆಟ್ಟಿದೆಯಾ? ಬದಲಾಯಿಸಬೇಕಾ?"

ಮೊದಲು ಗೀಸರ್ ಆಫ್ ಮಾಡಿ. ಸ್ವಿಚ್ ಒಂದೇ ಅಲ್ಲ, ಅದರ ಎಂಸಿಬಿಯನ್ನೂ (ಕರೆಂಟ್ ಮಿತಿ ಮೀರಿದರೆ ತಾನಾಗಿ ಬಿದ್ದು ಲೈನ್ ಕಡಿಯುವ ಸ್ವಿಚ್) ಕೆಳಗೆ ಇಳಿಸಿ. ಕೆಲವು ಮನೆಗಳಲ್ಲಿ ಕರೆಂಟ್ ಬರುವ ಫೇಸ್ ವೈರಿನ ಬದಲು ತಪ್ಪಾಗಿ ಅದು ವಾಪಸ್ ಹೋಗುವ ನ್ಯೂಟ್ರಲ್ ವೈರಿಗೆ ಸ್ವಿಚ್ ಕೊಟ್ಟಿರುತ್ತಾರೆ, ಅಲ್ಲಿ ಸ್ವಿಚ್ ಆಫ್ ಮಾಡಿದರೂ ಗೀಸರ್ ಒಳಗೆ ಫೇಸ್ ಇದ್ದೇ ಇರುತ್ತದೆ. ಎಲೆಕ್ಟ್ರಿಷಿಯನ್ ಬಂದು ನೋಡುವ ತನಕ ಒಲೆ ಮೇಲೆ ನೀರು ಕಾಯಿಸಿಕೊಳ್ಳಿ. ಬಹುಶಃ ಗೀಸರ್ ಒಳಗೆ ನೀರು ಕಾಯಿಸುವ ಎಲಿಮೆಂಟ್‌ನ ಹೊರಕವಚ ಬಿರುಕು ಬಿಟ್ಟಿದೆ. ಬೋರ್‌ವೆಲ್‌ನ ಗಡಸು ನೀರು ಬಳಸುವ ಮನೆಗಳಲ್ಲಿ ಇದು ಮಾಮೂಲು. ಇವತ್ತು ಜುಮ್ ಅಂದದ್ದು ನಾಳೆಯೂ ಅಷ್ಟಕ್ಕೇ ನಿಲ್ಲುತ್ತದೆ ಅನ್ನುವ ಗ್ಯಾರಂಟಿ ಇಲ್ಲ.

ಈಗ ಎಂಸಿಬಿ ವಿಷಯ. ಅದು ಕೆಟ್ಟಿಲ್ಲ. ಶಾಕ್‌ನಿಂದ ಮನುಷ್ಯನನ್ನು ಕಾಪಾಡುವುದು ಅದರ ಕೆಲಸವೇ ಅಲ್ಲ. ಗೋಡೆಯೊಳಗಿನ ವೈರು ಬಿಸಿಯಾಗಿ ಬೆಂಕಿ ಹತ್ತದಂತೆ ನೋಡಿಕೊಳ್ಳುವುದು ಅದರ ಕೆಲಸ. ಈ ಮಾತನ್ನು ವೈರಿಂಗ್ ಕ್ಲಾಸಿನಲ್ಲಿ ಪ್ರತಿ ಬ್ಯಾಚಿಗೂ ಹೇಳುತ್ತೇನೆ, ಮದುವೆ ಮನೆಯಲ್ಲಿ ಸಿಕ್ಕ ನೆಂಟರಿಗೂ ಹೇಳಿದ್ದೇನೆ. ಆದರೂ "ಎಂಸಿಬಿ ಇದೆಯಲ್ಲ ಸರ್, ಶಾಕ್ ಹೊಡೆಯಲ್ಲ" ಅನ್ನುವವರು ಕಡಿಮೆಯಾಗಿಲ್ಲ. ಹೊಸ ಮನೆ ಕಟ್ಟಿಸಿದವರಂತೂ ಸಾಲಾಗಿ ಜೋಡಿಸಿದ ಎಂಸಿಬಿಗಳನ್ನು ತೋರಿಸಿ, ಇನ್ನು ಭಯವಿಲ್ಲ ಅಂತಾರೆ. ಹಾಗಾಗಿ ಈ ಸಲ ಲೆಕ್ಕ ಹಾಕಿಯೇ ತೋರಿಸುತ್ತೇನೆ.

ಲೆಕ್ಕ ಸುಲಭ. ವೋಲ್ಟೇಜನ್ನು ಅಡ್ಡ ಬರುವ ರೆಸಿಸ್ಟೆನ್ಸ್‌ನಿಂದ ಭಾಗಿಸಿದರೆ ಎಷ್ಟು ಕರೆಂಟ್ ಹರಿಯುತ್ತದೆ ಅಂತ ಸಿಗುತ್ತದೆ. ಜಾರ್ಜ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮ ಇದು, ಹೈಸ್ಕೂಲಿನಲ್ಲಿ ಎಲ್ಲರೂ ಓದಿದ್ದೇವೆ. ನಮ್ಮ ಮನೆಗೆ ಬರುವುದು 230 ವೋಲ್ಟ್. ಒದ್ದೆ ಕೈ, ಬರಿಗಾಲು, ಕೆಳಗೆ ಒದ್ದೆ ನೆಲ ಅಂದರೆ ಮೈಯ ರೆಸಿಸ್ಟೆನ್ಸ್ ಸುಮಾರು 1000 ಓಮ್ ಅಂದುಕೊಳ್ಳಿ. 230ನ್ನು 1000ದಿಂದ ಭಾಗಿಸಿ. 0.23 ಆಂಪ್. ಹಳೇ ಮಾದರಿಯ 75 ವ್ಯಾಟ್ ಸೀಲಿಂಗ್ ಫ್ಯಾನ್ ಎಳೆಯುವ ಕರೆಂಟ್ 0.33 ಆಂಪ್. ಅಂದರೆ ಪೂರ್ತಿ ಫೇಸ್ ಮುಟ್ಟಿ ಒದ್ದಾಡುತ್ತಿರುವ ಮನುಷ್ಯ ಎಂಸಿಬಿ ಲೆಕ್ಕದಲ್ಲಿ ಒಂದು ಫ್ಯಾನಿಗಿಂತ ಕಡಿಮೆ!

ಎಂಸಿಬಿ ಮುಖ ನೋಡಿ. ಗೀಸರ್‌ದಾದರೆ ಹೆಚ್ಚಾಗಿ ಸಿ16 ಅಥವಾ ಸಿ20 ಅಂತ ಬರೆದಿರುತ್ತದೆ. ಸಿ16 ಅಂದರೆ 16 ಆಂಪ್‌ನದು. 2000 ವ್ಯಾಟ್ ಗೀಸರ್ ಎಳೆಯುವುದು 8.7 ಆಂಪ್. ಅದಕ್ಕೆ ನಿಮ್ಮ ಮೈಯಲ್ಲಿ ಹರಿದ 0.23 ಸೇರಿಸಿ, 8.93 ಆಯಿತು. ಬೀಳಲು ಕಾರಣ ಎಲ್ಲಿದೆ? ಇನ್ನೂ ಕೇಳಿ. 16 ದಾಟಿದ ಕೂಡಲೇ ಬೀಳುತ್ತದೆ ಅನ್ನುವುದೂ ತಪ್ಪು. ಅದರ ಮಾನಕದ ಪ್ರಕಾರ 18 ಆಂಪ್ ಒಂದು ಗಂಟೆ ಹರಿದರೂ ಅದು ಬೀಳಬಾರದು. 23 ಆಂಪ್ ಆಸುಪಾಸು ಹರಿದರೆ ಒಂದು ಗಂಟೆಯೊಳಗೆ ಬೀಳಬೇಕು. ತಕ್ಷಣ ಟಪ್ ಅಂತ ಬೀಳಬೇಕಾದರೆ ಸಿ ಮಾದರಿಯಲ್ಲಿ ಐದರಿಂದ ಹತ್ತು ಪಟ್ಟು, ಅಂದರೆ 80ರಿಂದ 160 ಆಂಪ್ ಹರಿಯಬೇಕು. ನಿಮ್ಮ ಮೈಯಲ್ಲಿ ಅಷ್ಟು ಹರಿಯಲು ಸಾಧ್ಯವೇ ಇಲ್ಲ. ಅದಕ್ಕೆ ಎಷ್ಟೋ ಮೊದಲು ಪ್ರಾಣ ಹೋಗಿರುತ್ತದೆ.

ಪ್ರಾಣಕ್ಕೆ ಎಷ್ಟು ಸಾಕು? ಅಮೆರಿಕದ ಬರ್ಕ್ಲಿಯಲ್ಲಿ ಪಾಠ ಮಾಡುತ್ತಿದ್ದ ಚಾರ್ಲ್ಸ್ ಡಾಲ್ಜಿಯಲ್ ಇದನ್ನೇ ವರ್ಷಗಟ್ಟಲೆ ಅಳೆದವರು. ಸ್ವಯಂಸೇವಕರ ಕೈಗೆ ತಂತಿ ಕೊಟ್ಟು, ಎಷ್ಟು ಕರೆಂಟ್‌ಗೆ ಹಿಡಿದದ್ದನ್ನು ಬಿಡಲು ಆಗುವುದಿಲ್ಲ ಅಂತ ನೋಡಿದರು. ಗಂಡಸರಿಗೆ ಸರಾಸರಿ 16 ಮಿಲಿಆಂಪ್, ಹೆಂಗಸರಿಗೆ 10.5. ಮಿಲಿಆಂಪ್ ಅಂದರೆ ಆಂಪ್‌ನ ಸಾವಿರದ ಒಂದು ಪಾಲು. ಅಲ್ಲಿಂದ ಮುಂದೆ ಸ್ನಾಯು ಬಿಗಿದು ಕೈ ತಾನಾಗಿಯೇ ಮುಷ್ಟಿ ಕಟ್ಟುತ್ತದೆ. "ಕರೆಂಟ್ ಹಿಡ್ಕೊಂಡ್ಬಿಡ್ತು" ಅಂತಾರಲ್ಲ, ಹಿಡಿದುಕೊಂಡಿರುವುದು ನಮ್ಮದೇ ಕೈ. ಹತ್ತಾರು ಮಿಲಿಆಂಪ್ ಎದೆಯ ಮೂಲಕ ಹಾದರೆ ಉಸಿರಾಟ ನಿಲ್ಲಬಹುದು, ಹೃದಯ ಲಯ ತಪ್ಪಿ ಬರೀ ನಡುಗಬಹುದು. 230 ಮಿಲಿಆಂಪ್ ಅಂದರೆ ಬದುಕಿ ಉಳಿದರೆ ಪುಣ್ಯ.

ಇಷ್ಟು ಹೇಳಿದ ಮೇಲೂ ಒಬ್ಬರು ಕೈ ಎತ್ತುತ್ತಾರೆ. "ನಮ್ಮ ಮನೆಯಲ್ಲಿ ವಾಷಿಂಗ್ ಮಷೀನ್ ಒಳಗೆ ವೈರು ಅದರ ಲೋಹದ ಬಾಡಿಗೆ ತಾಗಿದಾಗ ಎಂಸಿಬಿ ಬಿತ್ತಲ್ಲ ಸರ್?" ಬಿತ್ತು, ಸರಿ. ಬೀಳಿಸಿದ್ದು ಅರ್ಥಿಂಗ್, ಅಂದರೆ ಬಾಡಿಯಿಂದ ನೆಲದೊಳಗಿನ ಗುಂಡಿಗೆ ಕೊಟ್ಟ ವೈರು. ಫೇಸ್ ವೈರು ಬಾಡಿಗೆ ತಾಗಿದರೆ ಅರ್ಥ್ ವೈರಿನಲ್ಲಿ ಭಾರೀ ಕರೆಂಟ್ ಹರಿಯುತ್ತದೆ, ಆಗ ಎಂಸಿಬಿ ಅದನ್ನು ಕಂಡು ಬೀಳುತ್ತದೆ. ಆದರೆ ಅರ್ಥ್ ಗುಂಡಿ ಚೆನ್ನಾಗಿದ್ದರೆ ಮಾತ್ರ. ನಮ್ಮಲ್ಲಿ ಮನೆ ಕಟ್ಟುವಾಗ ಇದ್ದಿಲು, ಉಪ್ಪು ಹಾಕಿ ಮುಚ್ಚಿದ ಗುಂಡಿಗೆ ಆಮೇಲೆ ಒಂದು ಬಿಂದಿಗೆ ನೀರು ಹಾಕಿದವರು ಎಷ್ಟು ಜನ? ಬೇಸಿಗೆಯಲ್ಲಿ ಗುಂಡಿ ಒಣಗಿ ದಾರಿಯ ರೆಸಿಸ್ಟೆನ್ಸ್ 20 ಓಮ್ ಆಯಿತು ಅಂದುಕೊಳ್ಳಿ. 230ನ್ನು 20ರಿಂದ ಭಾಗಿಸಿದರೆ 11.5 ಆಂಪ್. ಇದು ಗೀಸರ್‌ನಲ್ಲೇ ಆಗಿದ್ದರೆ, ನೀರು ಕಾದು ಎಲಿಮೆಂಟ್ ತಾನಾಗಿ ನಿಂತಿರುವಾಗ 16ರ ಎಂಸಿಬಿ ಆರಾಮಾಗಿ ನಿಂತಿರುತ್ತದೆ, ನೀರು ಕಾಯುತ್ತಿರುವಾಗ ಗೀಸರ್‌ನ 8.7 ಕೂಡ ಸೇರಿ 20 ಆಗಿ, ಯಾವಾಗಲೋ ಬೀಳಬಹುದು, ಬೀಳದೆಯೂ ಇರಬಹುದು. ಅಷ್ಟು ಹೊತ್ತೂ ಬಾಡಿ ಮೇಲೆ ಹೆಚ್ಚುಕಡಿಮೆ ಪೂರ್ತಿ ವೋಲ್ಟೇಜ್. ಗುಂಡಿ ಸುಧಾರಿಸಿ 5 ಓಮ್ ಆದರೂ ಹರಿಯುವುದು 46 ಆಂಪ್, ಎಂಸಿಬಿ ಬೀಳಲು ಸೆಕೆಂಡುಗಳೇ ಬೇಕು. ಅಷ್ಟರಲ್ಲಿ ಯಾರಾದರೂ ಮುಟ್ಟಿದರೆ?

ಮನುಷ್ಯನಿಗಾಗಿಯೇ ಮಾಡಿದ ಇನ್ನೊಂದು ಸ್ವಿಚ್ ಆರ್‌ಸಿಸಿಬಿ. ಫೇಸ್‌ನಲ್ಲಿ ಹೋದ ಕರೆಂಟ್ ಅಷ್ಟೂ ನ್ಯೂಟ್ರಲ್‌ನಲ್ಲಿ ವಾಪಸ್ ಬಂತಾ ಅಂತ ಅದು ಸದಾ ತಾಳೆ ನೋಡುತ್ತಿರುತ್ತದೆ. ಬರದಿದ್ದರೆ ಉಳಿದದ್ದು ಯಾರದೋ ಮೈಯಿಂದಲೋ, ಅರ್ಥ್ ವೈರಿನಿಂದಲೋ ಭೂಮಿಗೆ ಹೋಗಿದೆ ಅಂತ ಅರ್ಥ. ವ್ಯತ್ಯಾಸ 30 ಮಿಲಿಆಂಪ್ ಆಗುವಷ್ಟರಲ್ಲಿ ಬೀಳುತ್ತದೆ, ಅದೂ ಸೆಕೆಂಡಿನ ಮೂರನೇ ಒಂದು ಭಾಗಕ್ಕಿಂತ ಬೇಗ. ಕೊಳ್ಳುವಾಗ 30 ಮಿಲಿಆಂಪ್‌ನದೇ ಕೇಳಿ. 100, 300ರವೂ ಅಂಗಡಿಯಲ್ಲಿ ಸಿಗುತ್ತವೆ, ಅವು ಪ್ರಾಣಕ್ಕಲ್ಲ, ಬೆಂಕಿ ತಡೆಗೆ. ಟಿ ಅಕ್ಷರದ ಬಟನ್ ಇರುತ್ತದೆ, ತಿಂಗಳಿಗೊಮ್ಮೆ ಒತ್ತಿ ನೋಡಿ, ಬೀಳಬೇಕು. ಆದರೆ ಒಂದು ಕೈಯಲ್ಲಿ ಫೇಸ್, ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದರೆ ಇದೂ ಕಾಪಾಡುವುದಿಲ್ಲ, ಯಾಕೆಂದರೆ ಲೆಕ್ಕ ತಾಳೆಯಾಗುತ್ತದೆ. ಲೋಡ್ ಜಾಸ್ತಿ ಆದದ್ದೂ ಇದಕ್ಕೆ ತಿಳಿಯುವುದಿಲ್ಲ. ಅದಕ್ಕೇ ಎಂಸಿಬಿಯೂ ಇರಲೇಬೇಕು.

ನನಗೆ ನಿಜಕ್ಕೂ ಬೇಸರ ತರಿಸುವುದು, "ಪದೇ ಪದೇ ಬೀಳುತ್ತೆ" ಅಂತ ಆರ್‌ಸಿಸಿಬಿಯನ್ನೇ ಬೈಪಾಸ್ ಮಾಡಿಸುವವರು. ಅದು ಬೀಳುತ್ತಿದೆ ಅಂದರೆ ಮನೆಯಲ್ಲಿ ಎಲ್ಲೋ ಕರೆಂಟ್ ಸೋರುತ್ತಿದೆ. ಒಂದೊಂದೇ ಪ್ಲಗ್ ಕಿತ್ತು ನೋಡಿದರೆ ಹೆಚ್ಚಾಗಿ ಅರ್ಧ ಗಂಟೆಯಲ್ಲಿ ಸಿಗುತ್ತದೆ.

ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ. ಟೆಸ್ಟರ್ ಉರಿಯುವಾಗ ಅದರ ಕರೆಂಟ್ ಹರಿಯುವುದು ನಿಮ್ಮ ಮೈಯ ಮೂಲಕವೇ. ಗೊತ್ತಾಗುವುದಿಲ್ಲ, ಯಾಕೆಂದರೆ ಅದರೊಳಗೆ ಸಾಮಾನ್ಯವಾಗಿ 10 ಲಕ್ಷ ಓಮ್ ಆಸುಪಾಸಿನ ರೆಸಿಸ್ಟರ್ ಇರುತ್ತದೆ. ಅದೇ ಭಾಗಾಕಾರ ಮಾಡಿ, ಕಾಲು ಮಿಲಿಆಂಪ್ ಕೂಡ ಬರುವುದಿಲ್ಲ. ಹಾಗಾಗಿ ಟೆಸ್ಟರ್ ವೋಲ್ಟೇಜ್ ಇದೆ ಅಂತ ಹೇಳುತ್ತದೆ, ಅದರ ಹಿಂದೆ ಎಷ್ಟು ಕರೆಂಟ್ ಬರಬಹುದು ಅಂತ ಹೇಳುವುದಿಲ್ಲ. ಸಾಕೆಟ್‌ನ ಎರಡೂ ತೂತಿನಲ್ಲಿ ಉರಿದರೆ ಹೆಚ್ಚಾಗಿ ನ್ಯೂಟ್ರಲ್ ಎಲ್ಲೋ ಕಡಿದಿರುತ್ತದೆ. ಇನ್ನು, ಉರಿಯಲಿಲ್ಲ ಅಂದ ಮಾತ್ರಕ್ಕೆ ಕರೆಂಟ್ ಇಲ್ಲ ಅಂದುಕೊಳ್ಳಬೇಡಿ. ಒಣ ಮರದ ಸ್ಟೂಲ್ ಮೇಲೆ ನಿಂತಿದ್ದರೆ ಮಂಕಾಗಿ ಉರಿಯುತ್ತದೆ, ಹಗಲಲ್ಲಿ ಕಾಣಿಸುವುದೇ ಇಲ್ಲ. ಒಳಗಿನ ಪುಟ್ಟ ಬಲ್ಬೇ ಹೋಗಿರಬಹುದು. ಮೊದಲು ಕರೆಂಟ್ ಇದೆ ಅಂತ ಗೊತ್ತಿರುವ ಸಾಕೆಟ್‌ನಲ್ಲಿ ಟೆಸ್ಟರ್ ಇಟ್ಟು ನೋಡಿ, ಆಮೇಲೆ ಕೆಲಸ ಮಾಡಬೇಕಾದ ಜಾಗದಲ್ಲಿ ಇಡಿ, ಮತ್ತೆ ಬಂದು ಅದೇ ಸಾಕೆಟ್‌ನಲ್ಲಿ ಇನ್ನೊಮ್ಮೆ ನೋಡಿ. ಆಮೇಲೆ ವೈರಿಗೆ ಕೈ ಹಾಕಿ.