ಎತ್ತಿದ ಕತ್ತಿ, ಬಾಯಿ ಬಿಡಲಾಗದ ಪ್ರೇಕ್ಷಕ

"ಏನ್ ಸಾ, ಅಲ್ಲೇ ಹಾಕ್ ಬುಡ್ಬೋದಿತ್ತಲ್ಲ ಅವನ್ನ?"

ಶೇಕ್ಸ್‌ಪಿಯರ್‌ನ 'ಹ್ಯಾಮ್ಲೆಟ್' ನಾಟಕದ ತಾಲೀಮು ಮೂರನೇ ಅಂಕದ ಪ್ರಾರ್ಥನೆಯ ದೃಶ್ಯಕ್ಕೆ ಬಂದಾಗ ಮಂಡ್ಯ ಕಡೆಯ ಹುಡುಗರು ಕೇಳುವ ಪ್ರಶ್ನೆ. ನ್ಯಾಯವಾದದ್ದೇ. ರಾಜಕುಮಾರ ಹ್ಯಾಮ್ಲೆಟ್‌ನ ಅಪ್ಪನನ್ನು ಕೊಂದ ಚಿಕ್ಕಪ್ಪ ಕ್ಲಾಡಿಯಸ್ ಒಬ್ಬನೇ ಮಂಡಿಯೂರಿದ್ದಾನೆ, ಕಾವಲಿಲ್ಲ. ಆದರೆ ಪ್ರಾರ್ಥಿಸುವಾಗ ಕೊಂದರೆ ಇವನು ನೆಟ್ಟಗೆ ಸ್ವರ್ಗಕ್ಕೆ ಹೋದಾನು ಎಂದುಕೊಂಡು ಹ್ಯಾಮ್ಲೆಟ್ ಕತ್ತಿಯನ್ನು ಒರೆಗೆ ಸೇರಿಸುತ್ತಾನೆ. ಅವನು ಅತ್ತ ಹೋದದ್ದೇ ಕ್ಲಾಡಿಯಸ್ ಎದ್ದು, ಮಾತು ಮೇಲೆ ಹೋಯಿತು, ಮನಸ್ಸು ಕೆಳಗೇ ಉಳಿಯಿತು ಎನ್ನುತ್ತಾನೆ. ಪ್ರಾರ್ಥನೆ ಫಲಿಸಿರಲೇ ಇಲ್ಲ! ಇದು ನಮಗೆ ಗೊತ್ತು, ಹ್ಯಾಮ್ಲೆಟ್‌ಗೆ ಗೊತ್ತಿಲ್ಲ.

ಹೊಸ ನಟರು ಇಲ್ಲಿ ಅನುಮಾನವನ್ನೇ ಅಭಿನಯಿಸಲು ಹೊರಡುತ್ತಾರೆ. ಹಣೆಗೆ ಕೈ, ಎರಡು ಹೆಜ್ಜೆ ಮುಂದೆ, ಎರಡು ಹಿಂದೆ, ಒಂದು ನಿಟ್ಟುಸಿರು. ನೋಡುವವರಿಗೆ ಆಕಳಿಕೆ. ನಾನು ಹೇಳುವುದು, ಕತ್ತಿ ಪೂರ್ತಿ ಹೊರಗೆ ಬರಲಿ, ತೋಳು ಮೇಲೇಳಲಿ, ಹೊಡೆದೇಬಿಟ್ಟ ಎಂದು ಮೊದಲ ಸಾಲಿನವರಿಗೆ ಅನ್ನಿಸಲಿ. ಆಮೇಲೆ ಮಾತು. ಕೊಲ್ಲಬೇಕು ಎನ್ನುವುದು ನೂರಕ್ಕೆ ನೂರು ನಿಜವಾಗಿರಬೇಕು, ಬೇಡ ಎನ್ನುವುದೂ ಅಷ್ಟೇ ನಿಜ.

ಹ್ಯಾಮ್ಲೆಟ್ ಬರೀ ಅಳೆದೂ ಸುರಿದೂ ಕಾಲ ಕಳೆಯುವವನೂ ಅಲ್ಲ. ಮರುದೃಶ್ಯದಲ್ಲೇ, ತಾಯಿಯ ಕೋಣೆಯಲ್ಲಿ, ಯಾರೆಂದು ನೋಡದೆ ಪರದೆಗೆ ಕತ್ತಿ ಚುಚ್ಚುತ್ತಾನೆ. ಸಾಯುವವನು ರಾಜನ ಮಂತ್ರಿ ಪೊಲೋನಿಯಸ್. ಅವನ ಮಗಳು ಒಫೀಲಿಯಾಳ ಹುಚ್ಚು, ಮಗ ಲೇರ್ಟೀಸನ ವಿಷದ ಕತ್ತಿ ಎಲ್ಲವೂ ಆ ಒಂದು ಇರಿತದ ಬೆನ್ನಿಗೇ ಬರುತ್ತವೆ.

ಮಂಡ್ಯ ಸೀಮೆಯ ಊರುಗಳಲ್ಲಿ 'ಕುರುಕ್ಷೇತ್ರ' ಆಡಿ ಬೆಳೆದವರಿಗೆ ಈ ಸ್ಥಿತಿ ಹೊಸದಲ್ಲ. ಅರ್ಜುನನೂ ಗಾಂಡೀವ ಕೆಳಗಿಟ್ಟವನೇ. ಆದರೆ ಅವನ ರಥದಲ್ಲಿ ಕೃಷ್ಣನಿದ್ದ. ಹ್ಯಾಮ್ಲೆಟ್‌ಗೆ ಸಿಕ್ಕಿದ್ದು ಅಪ್ಪನ ಪ್ರೇತ. ಅದು ಅಪ್ಪನೋ, ಅಪ್ಪನ ರೂಪದಲ್ಲಿ ಬಂದ ಸೈತಾನನೋ ಎಂಬ ಶಂಕೆ ಬೇರೆ. ಪರೀಕ್ಷಿಸಲು ಅರಮನೆಯಲ್ಲಿ ನಾಟಕ ಆಡಿಸಿ ಚಿಕ್ಕಪ್ಪನ ಮುಖ ನೋಡುತ್ತಾನೆ. (ರಂಗಭೂಮಿಯನ್ನು ಇಷ್ಟು ನಂಬಿದ ರಾಜಕುಮಾರನ ಮೇಲೆ ನಮಗೆ ಪ್ರೀತಿ ಹುಟ್ಟದಿರುತ್ತದೆಯೇ?) ಗೆಳೆಯ ಹೊರೇಷಿಯೋ ಕೇಳಿಸಿಕೊಳ್ಳುತ್ತಾನೆ, ಉತ್ತರ ಕೊಡಲಾರ. ಹಾಗಾಗಿ ಹ್ಯಾಮ್ಲೆಟ್ ಸ್ವಗತಗಳಲ್ಲಿ ನಮ್ಮ ಹತ್ತಿರವೇ ಬಂದು ಕೇಳುತ್ತಾನೆ. ಅವನ ಸೆಳೆತವಿರುವುದು ಇಲ್ಲೇ ಎಂದು ನನ್ನ ಲೆಕ್ಕ. ಕೃಷ್ಣನ ಜಾಗದಲ್ಲಿ ಪ್ರೇಕ್ಷಕ ಕೂತಿದ್ದಾನೆ, ಬಾಯಿ ಬಿಡುವಂತಿಲ್ಲ. ಆ ಪ್ರಾರ್ಥನೆ ಸುಳ್ಳು ಎಂದು ಗೊತ್ತಿದ್ದೂ ಹೇಳಲಾಗದು.

ಅದಕ್ಕೇ ಸ್ವಗತವನ್ನು ಶೂನ್ಯ ದಿಟ್ಟಿಸಿ ಹೇಳಿಸಬಾರದು. ಮೈಸೂರಿನ ಭೂಮಿಗೀತದಂಥ ಚಿಕ್ಕ ರಂಗಮಂದಿರದಲ್ಲಿ ನಟ ಪ್ರೇಕ್ಷಕನ ಕಣ್ಣಲ್ಲಿ ಕಣ್ಣಿಟ್ಟೇ ಕೇಳಬಹುದು.

ಪೂರ್ತಿ ಆಡಿದರೆ ನಾಟಕ ಸುಮಾರು ನಾಲ್ಕು ಗಂಟೆ, ಕತ್ತರಿ ಹಾಕಲೇಬೇಕು. ಮೊದಲು ಹೋಗುವುದು ನಾರ್ವೆಯ ರಾಜಕುಮಾರ ಫೋರ್ಟಿನ್‌ಬ್ರಾಸ್, ಅವನ ಜೊತೆ ನಾಲ್ಕನೇ ಅಂಕದ ಸ್ವಗತ. ಅದು 1604-05ರ ಮುದ್ರಣದಲ್ಲಿದೆ, ಶೇಕ್ಸ್‌ಪಿಯರ್ ನಾಟಕಗಳ 1623ರ ಸಂಪುಟದಲ್ಲಿಲ್ಲ. ಕತ್ತರಿಸುವವರಿಗೆ ನೆಪ ಸಿಕ್ಕಿತು. ನಾನು ಅದನ್ನು ಬಿಡುವುದಿಲ್ಲ. ಕೆಲಸಕ್ಕೆ ಬಾರದ ತುಂಡು ನೆಲಕ್ಕೆ ಸಾಯಲು ಹೊರಟ ಫೋರ್ಟಿನ್‌ಬ್ರಾಸನ ಸೈನ್ಯ ನೋಡಿ ಹ್ಯಾಮ್ಲೆಟ್ ತನ್ನ ಬಗ್ಗೆ ತಾನೇ ನಾಚುತ್ತಾನೆ. ಆ ಸೈನ್ಯಕ್ಕಿಂತ ಇವನ ಮೀನಮೇಷವೇ ವಾಸಿ ಎಂಬುದು ನನ್ನ ವಾದ. ತಾಲೀಮಿನ ಹುಡುಗರು ಇನ್ನೂ ಒಪ್ಪಿಲ್ಲ.