ಚಂದ್ರನನ್ನು ಕಟ್ಟಿದ ಹಗ್ಗ ಎಲ್ಲಿದೆ?

ಬಾವಿಯಿಂದ ನೀರು ಸೇದಬೇಕಾದರೆ ಕೊಡಕ್ಕೂ ಕೈಗೂ ನಡುವೆ ಹಗ್ಗ ಬೇಕು. ಎತ್ತು ಗಾಡಿ ಎಳೆಯಬೇಕಾದರೆ ನೊಗ ಬೇಕು. ಎಳೆಯುವುದು ಅಂದ ಮೇಲೆ ನಡುವೆ ಏನಾದರೂ ಇರಲೇಬೇಕು, ಅಲ್ವಾ? ಆದರೆ ಭೂಮಿ ಸುಮಾರು 3,84,000 ಕಿಲೋಮೀಟರ್ ದೂರದ ಚಂದ್ರನನ್ನು ಹಿಡಿದಿಟ್ಟಿದೆ, ನಡುವೆ ಏನೂ ಕಾಣುವುದಿಲ್ಲ. ಆ ಹಗ್ಗ ಎಲ್ಲಿದೆ? ಮುನ್ನೂರು ವರ್ಷಗಳಿಗೂ ಹೆಚ್ಚು ಕಾಲದಿಂದ ಭೌತಶಾಸ್ತ್ರ ಈ ಪ್ರಶ್ನೆಯ ಹಿಂದೆ ಬಿದ್ದಿದೆ.

1687ರಲ್ಲಿ ನ್ಯೂಟನ್ ಲೆಕ್ಕ ಕೊಟ್ಟರು. ದೂರ ಎರಡು ಪಟ್ಟಾದರೆ ಸೆಳೆತ ನಾಲ್ಕರಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ. ಮರದಿಂದ ಬೀಳುವ ಹಣ್ಣಿಗೂ ಆಕಾಶದ ಚಂದ್ರನಿಗೂ ಒಂದೇ ನಿಯಮ. ಹಗ್ಗದ ವಿಚಾರಕ್ಕೆ ಬಂದಾಗ ಅವರು ಏನನ್ನೂ ಕಲ್ಪಿಸಿ ಹೇಳಲಿಲ್ಲ. ನಡುವೆ ಏನೂ ಇಲ್ಲದೆ ಒಂದು ವಸ್ತು ಇನ್ನೊಂದನ್ನು ಸೆಳೆಯುತ್ತದೆ ಅನ್ನುವುದು ಅಸಂಬದ್ಧ ಅಂತ 1693ರಲ್ಲಿ ರಿಚರ್ಡ್ ಬೆಂಟ್ಲಿಗೆ ಬರೆದ ಪತ್ರದಲ್ಲಿ ಅವರೇ ಹೇಳಿದ್ದಾರೆ. ತಮ್ಮ ಸಿದ್ಧಾಂತದ ತೂತನ್ನು ತಾವೇ ತೋರಿಸಿದ ಈ ಪ್ರಾಮಾಣಿಕತೆ ನನಗೆ ಅವರ ಸೂತ್ರದಷ್ಟೇ ದೊಡ್ಡದಾಗಿ ಕಾಣುತ್ತದೆ.

ಈ ಇತಿಹಾಸದಲ್ಲಿ ನನಗೆ ತುಂಬ ಇಷ್ಟವಾದ ಜಾಗ ಲಂಡನ್ ಪಕ್ಕದ ಕ್ಲಾಪಮ್‌ನ ಒಂದು ಮುಚ್ಚಿದ ಕೋಣೆ. ವರ್ಷ 1797. ಆರು ಅಡಿ ಉದ್ದದ ಮರದ ಕೋಲೊಂದು ತೆಳ್ಳನೆ ತಂತಿಯಲ್ಲಿ ಅಡ್ಡಡ್ಡ ತೂಗುತ್ತಿದೆ. ಅದರ ಎರಡೂ ತುದಿಗೆ ಸೀಸದ ಪುಟ್ಟ ಗುಂಡುಗಳು. ಪಕ್ಕದಲ್ಲಿ ಒಂದೊಂದೂ 158 ಕಿಲೋ ತೂಗುವ ಎರಡು ದೊಡ್ಡ ಗುಂಡುಗಳು. ದೊಡ್ಡವು ಚಿಕ್ಕವನ್ನು ಸೆಳೆಯುತ್ತವೆ, ತಂತಿ ಒಂಚೂರು ತಿರುಚಿಕೊಳ್ಳುತ್ತದೆ, ಕೋಲು ಕೆಲವೇ ಮಿಲಿಮೀಟರ್ ಸರಿಯುತ್ತದೆ. ಹೆನ್ರಿ ಕ್ಯಾವೆಂಡಿಶ್ ಒಳಗೆ ಕಾಲಿಡಲಿಲ್ಲ. ಮೈಶಾಖಕ್ಕೆ ಗಾಳಿ ಅಲ್ಲಾಡಿದರೂ ಲೆಕ್ಕ ಕೆಡುತ್ತದೆ. ಅದಕ್ಕೇ ಗೋಡೆಯ ತೂತಿನಲ್ಲಿ ದೂರದರ್ಶಕ ಇಟ್ಟು ಹೊರಗಿನಿಂದಲೇ ನೋಡಿದರು. ಈ ಪುಟ್ಟ ಸೆಳೆತವನ್ನು ಭೂಮಿಯ ಸೆಳೆತಕ್ಕೆ ಹೋಲಿಸಿದಾಗ, ಭೂಮಿ ಅಷ್ಟೇ ಗಾತ್ರದ ನೀರಿಗಿಂತ ಸುಮಾರು ಐದೂವರೆ ಪಟ್ಟು ಭಾರ ಅಂತ ತಿಳಿಯಿತು. ಇವತ್ತಿನ ಅಳತೆಯೂ ಹೆಚ್ಚುಕಡಿಮೆ ಅಷ್ಟೇ.

ಆ ತಕ್ಕಡಿಯನ್ನು ಮೊದಲು ರೂಪಿಸಿದವರು ಜಾನ್ ಮಿಚೆಲ್ ಅನ್ನುವ ಪಾದ್ರಿ. ಪ್ರಯೋಗಕ್ಕೆ ಮುಂಚೆಯೇ, 1793ರಲ್ಲಿ, ಅವರು ತೀರಿಕೊಂಡರು. ಅದಕ್ಕೂ ಹತ್ತು ವರ್ಷ ಹಿಂದೆ ಅವರು ಇನ್ನೊಂದು ಮಾತು ಹೇಳಿದ್ದರು: ಬೆಳಕು ಕೂಡ ಬಿಡಿಸಿಕೊಂಡು ಬರಲಾರದಷ್ಟು ಸೆಳೆತದ ನಕ್ಷತ್ರಗಳು ಇರಬಹುದು. ಈ ಮಾತಿಗೆ ಮತ್ತೆ ಬರೋಣ.

ನ್ಯೂಟನ್ ಲೆಕ್ಕ ಸಿಕ್ಕಿಬಿದ್ದದ್ದು ಬುಧಗ್ರಹದಲ್ಲಿ. ಬುಧನ ಕಕ್ಷೆ ಸೂರ್ಯನ ಸುತ್ತ ನಿಧಾನವಾಗಿ ತಿರುಗುತ್ತಾ ಹೋಗುತ್ತದೆ. ಬೇರೆ ಗ್ರಹಗಳ ಸೆಳೆತವನ್ನೆಲ್ಲ ಕಳೆದರೂ ನೂರು ವರ್ಷಕ್ಕೆ 43 ವಿಕಲೆಯಷ್ಟು ತಿರುಗುವುದು ಉಳಿಯಿತು. ಒಂದು ಡಿಗ್ರಿಯನ್ನು 3,600 ಚೂರು ಮಾಡಿದರೆ ಒಂದು ಚೂರು ಒಂದು ವಿಕಲೆ. ಹಿಂದೆ ಲೆಕ್ಕ ಹಾಕಿಯೇ ನೆಪ್ಚೂನ್ ಎಲ್ಲಿದೆ ಅಂತ ಹೇಳಿದ್ದ ಲೆ ವೆರಿಯೇ, ಇಲ್ಲೂ ಒಂದು ಗ್ರಹ ಅಡಗಿದೆ ಅಂದುಕೊಂಡರು. ಎಷ್ಟು ಹುಡುಕಿದರೂ ಸಿಗಲಿಲ್ಲ.

1915ರ ನವೆಂಬರ್‌ನಲ್ಲಿ ಐನ್‌ಸ್ಟೈನ್ ಹೊಸ ಗ್ರಹವಿಲ್ಲದೆ ಅದೇ 43ನ್ನು ಪಡೆದರು. ಹಗ್ಗ ಇಲ್ಲ, ಯಾಕಂದ್ರೆ ಎಳೆತವೇ ಇಲ್ಲ ಅನ್ನುವುದು ಅವರ ಉತ್ತರ. ಒಂದು ಕುಂಬಳಕಾಯಿ ಇಟ್ಟುಕೊಳ್ಳಿ. ಎರಡು ಇರುವೆಗಳು ಅದರ ಹೊಟ್ಟೆಯ ಭಾಗದಿಂದ ಅಕ್ಕಪಕ್ಕದಲ್ಲಿ ಹೊರಟು, ಎಡಬಲಕ್ಕೆ ತಿರುಗದೆ ತೊಟ್ಟಿನ ಕಡೆ ನಡೆಯುತ್ತವೆ. ಹೋಗ್ತಾ ಹೋಗ್ತಾ ಹತ್ತಿರ ಬರುತ್ತವೆ. ಯಾರೂ ಎಳೆದಿಲ್ಲ, ಕಾಯಿಯ ಮೈಯೇ ಬಾಗಿದೆ. ಭೂಮಿಯ ಸುತ್ತ ಹಾಗೆ ಬಾಗಿರುವುದು ಜಾಗ ಮತ್ತು ಕಾಲ ಎರಡೂ. ಚಂದ್ರ ಅದರಲ್ಲಿ ಸುಮ್ನೆ ನೇರ ಹೋಗುತ್ತಿದ್ದಾನೆ.

ಬಾಗುವ ವಸ್ತು ನಡುಗಲೂಬಹುದು. ಇಲ್ಲಿ ನಮ್ಮ ಬೆಂಗಳೂರಿನ ಭೌತವಿಜ್ಞಾನಿ ಸಿ.ವಿ. ವಿಶ್ವೇಶ್ವರ ಬರುತ್ತಾರೆ. ಮಿಚೆಲ್ ಊಹಿಸಿದ್ದ ಕತ್ತಲ ನಕ್ಷತ್ರಗಳಂಥವನ್ನೇ ಈಗ ಕಪ್ಪುಕುಳಿ ಅನ್ನುತ್ತೇವೆ. ಕಣ್ಣಿಗೇ ಕಾಣದ್ದನ್ನು ಗುರುತಿಸುವುದು ಹೇಗೆ? ಜಾಗ-ಕಾಲದ ನಡುಕದ ಒಂದು ಅಲೆಯನ್ನು, ಅಂದರೆ ಗುರುತ್ವದ ಅಲೆಯನ್ನು, ಅದರ ಮೇಲೆ ಎಸೆದರೆ ಏನಾಗುತ್ತದೆ ಅಂತ ಅವರು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದರು. ಬಾರಿಸಿದ ಗಂಟೆಯ ನಾದ ಬರಬರುತ್ತಾ ಅಡಗುವ ಹಾಗೆ, ಕಪ್ಪುಕುಳಿಯೂ ತನ್ನದೇ ಸ್ವರದಲ್ಲಿ ಮಿಡಿದು ಸುಮ್ಮನಾಗುತ್ತದೆ ಅಂತ 1970ರಲ್ಲಿ ಪ್ರಕಟಿಸಿದರು. ಮುಂದೆ ಬೆಂಗಳೂರಿನ ನೆಹರೂ ತಾರಾಲಯ ಕಟ್ಟಿ ಬೆಳೆಸಿದವರೂ ಇವರೇ. 2015ರ ಸೆಪ್ಟೆಂಬರ್ 14ರಂದು ಇಂಥ ಅಲೆಗಳನ್ನು ಹಿಡಿಯಲೆಂದೇ ಕಟ್ಟಿದ ಅಮೆರಿಕದ ಲೈಗೊ ಯಂತ್ರಗಳು ಎರಡು ಕಪ್ಪುಕುಳಿಗಳು ಒಂದಾದ ಅಲೆಯನ್ನು ಹಿಡಿದವು. ಸೂರ್ಯನಿಗಿಂತ ಸುಮಾರು 36 ಪಟ್ಟು ಮತ್ತು 29 ಪಟ್ಟು ಭಾರದವು. ಆ ಅಲೆಯ ಬಾಲದಲ್ಲಿ ಅಡಗುತ್ತಾ ಹೋಗುವ ಮಿಡಿತ ಇತ್ತು. ವಿಶ್ವೇಶ್ವರ 2017ರ ಜನವರಿಯಲ್ಲಿ ತೀರಿಕೊಂಡರು. ಅಷ್ಟರೊಳಗೆ ಈ ಸುದ್ದಿ ಬಂದಿತ್ತು ಅನ್ನುವುದು ನನಗೆ ಇವತ್ತಿಗೂ ಸಮಾಧಾನ.

ಅಣುಗಳಂಥ ತೀರಾ ಕಿರಿದಾದವುಗಳ ನಿಯಮ ಹುಡುಕುವ ಕ್ವಾಂಟಂ ಶಾಖೆಯವರ ದಾರಿ ಬೇರೆ. ಬೆಳಕಿಗೆ ಫೋಟಾನ್ ಇರುವಂತೆ ಗುರುತ್ವಕ್ಕೂ ಒಂದು ಕಣ ಇರಬೇಕು, ಗ್ರಾವಿಟಾನ್ ಅಂತ. ಇಂದಿನವರೆಗೆ ಒಂದೂ ಸಿಕ್ಕಿಲ್ಲ. ತೀರಾ ಕಿರಿದಾದ ಅಳತೆಗೆ ಹೋದರೆ ಲೆಕ್ಕದಲ್ಲಿ ಅನಂತಗಳು ಜಾಸ್ತಿಯಾಗುತ್ತಾ ಹೋಗಿ ಉತ್ತರವೇ ಬರುವುದಿಲ್ಲ. ಶಾಖದ ಶಾಸ್ತ್ರದಿಂದ ಬಂದ ಮೂರನೇ ಗುಂಪೂ ಇದೆ. 1995ರಲ್ಲಿ ಟೆಡ್ ಜೇಕಬ್‌ಸನ್, ಐನ್‌ಸ್ಟೈನರ ಸಮೀಕರಣವನ್ನು ಶಾಖದ ನಿಯಮಗಳಿಂದಲೇ ಪಡೆಯಬಹುದು ಅಂತ ತೋರಿಸಿದರು. ಪುಣೆಯಲ್ಲಿದ್ದ ಟಿ. ಪದ್ಮನಾಭನ್ ಅದೇ ಜಾಡಿನಲ್ಲಿ ವರ್ಷಗಟ್ಟಲೆ ದುಡಿದರು. ನೀರಿನ ಒಂದು ಅಣುವಿಗೆ ಬಿಸಿ ತಣ್ಣಗೆ ಅನ್ನುವುದು ಇಲ್ಲ, ಕೋಟ್ಯಂತರ ಅಣು ಸೇರಿದಾಗಷ್ಟೇ ಇದೆ. ಗುರುತ್ವವೂ ಹಾಗಿರಬಹುದು ಅನ್ನುವುದು ಇವರ ನೋಟ. ಹಾಗಿದ್ದರೆ ಹಗ್ಗವನ್ನು ಎಳೆ ಎಳೆಯಾಗಿ ಬಿಡಿಸಿ ನೋಡುವುದರಲ್ಲೇ ಅರ್ಥವಿಲ್ಲ. ನನಗೆ ಈ ದಾರಿಯ ಮೇಲೆ ಆಸೆ ಇದೆ, ಆದರೆ ಪ್ರಯೋಗ ಇನ್ನೂ ತೀರ್ಪು ಕೊಟ್ಟಿಲ್ಲ.

ತೀರ್ಪಿಗಾಗಿ ಜನ ಮತ್ತೆ ಕ್ಯಾವೆಂಡಿಶ್ ತಕ್ಕಡಿಗೇ ಮರಳಿದ್ದಾರೆ. 2021ರಲ್ಲಿ ವಿಯೆನ್ನಾದ ತಂಡವೊಂದು ಎರಡು ಚಿನ್ನದ ಗುಂಡುಗಳ ನಡುವಿನ ಸೆಳೆತವನ್ನು ಅಳೆದ ಫಲಿತಾಂಶ ಪ್ರಕಟಿಸಿತು. ಗುಂಡಿನ ಅಗಲ 2 ಮಿಲಿಮೀಟರ್, ತೂಕ ಸುಮಾರು 90 ಮಿಲಿಗ್ರಾಂ. ಬೀದಿಯ ಟ್ರಾಮ್ ನಡುಗಿದರೂ ಅಳತೆ ಕೆಡುತ್ತದೆ ಅಂತ ಕ್ರಿಸ್‌ಮಸ್ ರಜೆಯ ರಾತ್ರಿಗಳಲ್ಲಿ ಕೂತು ಅಳೆದರು. ಗುಂಡನ್ನು ಇನ್ನೂ ಚಿಕ್ಕದು ಮಾಡುತ್ತಾ ಹೋಗಬೇಕು ಅನ್ನುವುದು ಮುಂದಿನ ಆಸೆ. ಕ್ವಾಂಟಂ ನಿಯಮದ ಪ್ರಕಾರ ತೀರಾ ಚಿಕ್ಕ ವಸ್ತು ಒಂದೇ ಹೊತ್ತಿಗೆ ಎರಡು ಕಡೆ ಇರಬಲ್ಲದು. ಹಾಗೆ ಎರಡು ಕಡೆ ಇರುವ ಗುಂಡಿನ ಪಕ್ಕ ಇನ್ನೊಂದು ಗುಂಡು ಇಟ್ಟರೆ, ಅದು ಯಾವ ಕಡೆ ವಾಲುತ್ತದೆ?